ಕೊಟ್ಟದ್ದು ತಲುಪಿತೇ? ಮದುವೆ ಛಾಯಾಗ್ರಾಹಕರೊಬ್ಬರ ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ತಾಲ್ಲೂಕು ಕೇಂದ್ರವೊಂದರಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ, ನಲವತ್ತರ ಆಸುಪಾಸಿನ ಈ ಛಾಯಾಗ್ರಾಹಕರು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದದ್ದು ನಿದ್ರೆ ಬರುತ್ತಿಲ್ಲವೆಂದು. ಗ್ರಾಹಕರ ಹೆಸರು ಫೋನಿನಲ್ಲಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಕರೆ ಎತ್ತದೆ ಬಿಟ್ಟರೆ ದಿನವಿಡೀ ಅದೇ ಕೊರೆಯುತ್ತದೆ ಎಂದರು. ದೈಹಿಕ ಕಾರಣವೇನೂ ಕಾಣದೆ ಅವರ ವೈದ್ಯರೇ ನನ್ನಲ್ಲಿಗೆ ಕಳುಹಿಸಿದ್ದರು.

ಎರಡನೆಯ ಭೇಟಿಯಲ್ಲಿ ಮೂಲ ಘಟನೆ ಹೊರಬಂದಿತು. ಒಂದು ಮದುವೆಯಲ್ಲಿ ವರನ ಅಜ್ಜಿ ನಡುಗುವ ಕೈಯಿಂದ ಅಕ್ಷತೆ ಹಾಕುತ್ತಿದ್ದ ಚಿತ್ರವನ್ನು ಅವರು ತೆಗೆದಿದ್ದರು. ಕೆಲವು ತಿಂಗಳ ನಂತರ ಅಜ್ಜಿ ತೀರಿಕೊಂಡಾಗ, ವೈಕುಂಠ ಸಮಾರಾಧನೆಗೆ ಆ ಚಿತ್ರವನ್ನೇ ಫ್ರೇಮ್ ಹಾಕಿಸಬೇಕೆಂದು ಮನೆಯವರು ಹೊರಟರೆ, ಚಿತ್ರಗಳನ್ನು ಕಳುಹಿಸಿದ್ದ ಉಚಿತ ಲಿಂಕಿನ ಅವಧಿ ಎಂದೋ ಮುಗಿದಿತ್ತು. ಕೈಯಲ್ಲಿದ್ದದ್ದು ಮೆಸೇಜಿನಲ್ಲಿ ಬಂದಿದ್ದ ಸಣ್ಣ ಪ್ರತಿ. ಅದನ್ನು ದೊಡ್ಡದು ಮಾಡಿಸಿದಾಗ ಅಜ್ಜಿಯ ಮುಖವೇ ಮಸುಕಾಯಿತು. “ಅಣ್ಣಾ, ಬಾಕಿ ಪೂರ್ತಿ ಕೊಟ್ಟಿದ್ದೀವಲ್ಲ, ನಮ್ಮ ಫೋಟೋ ಎಲ್ಲಿ?” ಎಂದು ಮೊಮ್ಮಗ ಕೇಳಿದನಂತೆ. ಇವರು ರಾತ್ರಿ ಮೂರು ಗಂಟೆಯವರೆಗೆ ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಜಾಲಾಡಿ ಮೂಲ ಚಿತ್ರವನ್ನು ಹುಡುಕಿ ಕೊಟ್ಟರು. ಆ ಮನೆಯವರು ಮರೆತರೂ ಇವರು ಮರೆಯಲಿಲ್ಲ. ಅಂದಿನಿಂದ ನಾಲ್ಕು ತಿಂಗಳ ಕಾಲ ಒಂದಾದ ಮೇಲೊಂದು ಸೇವೆಗೆ ಹಣ ಕಟ್ಟಿ, ಯಾವುದರಲ್ಲೂ ನೆಮ್ಮದಿ ಕಾಣದೆ, “ಯಾವ ಆ್ಯಪ್ ಒಳ್ಳೇದು ಅಂತ ನೀವೇ ಹೇಳಿಬಿಡಿ ಮೇಡಂ” ಎಂದು ನನ್ನ ಮುಂದೆ ಕುಳಿತಿದ್ದರು.

ಇಂಥ ಕಡೆ ಆತಂಕಕ್ಕಷ್ಟೇ ಚಿಕಿತ್ಸೆ ಕೊಟ್ಟು, ಕೆಲಸದ ಮಾತನ್ನು ಸಲಹಾರ್ಥಿಗೇ ಬಿಟ್ಟುಬಿಡುವ ರೂಢಿ ನಮ್ಮಲ್ಲಿದೆ. ಅದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಉಸಿರಾಟದ ಅಭ್ಯಾಸವನ್ನು ನಾನೂ ಕಲಿಸಿದೆ. ಆದರೆ ಅವರ ಭಯಕ್ಕೆ ನಿಜವಾದ ಆಧಾರವಿತ್ತು. ಫೋನನ್ನು ಮೇಜಿನ ಮೇಲಿಟ್ಟು ತೋರಿಸಿದರು: ಮನೆಯವರ ಫೋಟೋ, ಸ್ಟುಡಿಯೋದ ಮೇಲ್, ಗ್ರಾಹಕರ ಫೋಲ್ಡರುಗಳು ಎಲ್ಲವೂ ಒಂದೇ ಉಚಿತ ಖಾತೆಯಲ್ಲಿದ್ದು, ಜಾಗ ತುಂಬಿದೆಯೆಂಬ ಕೆಂಪು ಗೆರೆ ಹೊಳೆಯುತ್ತಿತ್ತು. ಗೂಗಲ್ಲಿನ ಉಚಿತ 15 ಜಿಬಿ ಜಾಗವು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು, ಅದು ತುಂಬಿದರೆ ಹೊಸ ಮೇಲ್‌ಗಳೂ ಬರುವುದಿಲ್ಲ. ಒಂದು ಮದುವೆಯ ಫೈಲುಗಳೇ 60 ಜಿಬಿ ದಾಟುವ ವೃತ್ತಿಗೆ ಅದು ಎಲ್ಲಿಯ ಸಾಟಿ?

ಆದರೂ ನನಗೆ ಮುಖ್ಯವಾಗಿ ಕಂಡ ಕೊರತೆ ಜಾಗದ್ದಲ್ಲ. ಚಿತ್ರಗಳು ತಲುಪಿದವು ಎಂದು ಎರಡೂ ಕಡೆಯವರು ಒಪ್ಪಿಕೊಳ್ಳುವ ಗಳಿಗೆಯೇ ಅವರ ಕೆಲಸದಲ್ಲಿರಲಿಲ್ಲ. ಲಿಂಕ್ ಕಳುಹಿಸಿದರೆ ಅವರ ಪಾಲಿಗೆ ಕೆಲಸ ಮುಗಿಯಿತು. ಲಿಂಕ್ ತೆರೆಯುವವರೆಗೆ ಗ್ರಾಹಕರ ಪಾಲಿಗೆ ಅದು ಶುರುವೇ ಆಗಿರುವುದಿಲ್ಲ. ಈ ನಡುವಿನ ಖಾಲಿ ಜಾಗದಲ್ಲೇ ಅವರ ನಿದ್ರೆ ಕೆಟ್ಟಿತ್ತು. ಆದ್ದರಿಂದ ಸಾಧನದ ಹೆಸರನ್ನು ಪಕ್ಕಕ್ಕಿಟ್ಟು, ಈ ಫೈಲನ್ನು ಯಾರು, ಯಾವ ಯಂತ್ರದಲ್ಲಿ, ಎಷ್ಟು ದಿನಗಳ ಮೇಲೆ ತೆರೆಯುತ್ತಾರೆ ಎಂದು ಹಿಂದಿನ ಹತ್ತು ಮದುವೆಗಳ ಬಗ್ಗೆ ಬರೆದು ತರಲು ಹೇಳಿದೆ.

ಅವರು ತಂದ ಹಾಳೆಯೇ ಅರ್ಧ ಉತ್ತರವಾಗಿತ್ತು. ಆಲ್ಬಮ್ ಪ್ರಿಂಟ್ ಮಾಡುವವರು ಅದೇ ದಿನ ಇಳಿಸಿಕೊಳ್ಳುತ್ತಾರೆ. ಅವರಿಗೆ ವಿಟ್ರಾನ್ಸ್‌ಫರ್‌ನಂಥ ಫೈಲು ಕಳುಹಿಸುವ ಸೇವೆಯ ತಾತ್ಕಾಲಿಕ ಲಿಂಕ್ ಸಾಕು. ಹುಡುಗ ಹುಡುಗಿ ಬೆಂಗಳೂರಿನಲ್ಲೋ ವಿದೇಶದಲ್ಲೋ ಫೋನಿನಲ್ಲಿ ನೋಡಿ ಆಲ್ಬಮ್‌ಗೆ ಸೆಲೆಕ್ಷನ್ ಮಾಡುತ್ತಾರೆ. ಹಿರಿಯರು ಮಾತ್ರ ತಿಂಗಳುಗಳ ನಂತರ, ಮಗನೋ ಸೊಸೆಯೋ ಊರಿಗೆ ಬಂದಾಗ, ಟಿವಿಯಲ್ಲಿ ನೋಡುತ್ತಾರೆ. ಅವರಿಗೆ ಚಿತ್ರಗಳನ್ನು ಒಟ್ಟಾಗಿ ಕಟ್ಟಿದ ಜಿಪ್ ಫೈಲು ಬಿಡಿಸಲು ಬಾರದು, ಬರಬೇಕಾಗಿಯೂ ಇಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಸ್ಟುಡಿಯೋದ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆದು, ಶುಲ್ಕ ಕಟ್ಟಿ, ಪ್ರತಿ ಮದುವೆಗೆ ಒಂದೇ ಲಿಂಕ್ ಇಡಬೇಕು. ಅದರಲ್ಲಿ ನೋಡಲು ಮತ್ತು ಇಳಿಸಿಕೊಳ್ಳಲು ಮಾತ್ರ ಅನುಮತಿ ಇರಬೇಕು, ಏಕೆಂದರೆ ತಿದ್ದುವ ಅನುಮತಿ ಸಿಕ್ಕಿದ ನೆಂಟರೊಬ್ಬರು ಗೊತ್ತಿಲ್ಲದೆ ಫೋಲ್ಡರಿನಿಂದ ಚಿತ್ರಗಳನ್ನು ತೆಗೆದುಹಾಕಿಬಿಡಬಹುದು. ಹೆಂಗಸರು, ಮಕ್ಕಳು ಇರುವ ಚಿತ್ರಗಳಾದ್ದರಿಂದ ಲಿಂಕ್ ಯಾರ ಕೈಗೆ ಹೋಗಬೇಕೆಂದು ಮನೆಯವರನ್ನೇ ಕೇಳಬೇಕು. ಯಾವ ಸೇವೆ ಹಿಡಿದರೂ ಅದರ ಲಿಂಕನ್ನು ಮೊದಲು ತಮ್ಮ ತಾಯಿಯ ಫೋನಿಗೆ ಕಳುಹಿಸಿ, ಲಾಗಿನ್ ಕೇಳದೆ ತೆರೆದುಕೊಂಡರೆ ಮಾತ್ರ ಮುಂದುವರಿಯಲಿ ಎಂದೆ. ಈ ಒಂದೇ ಪರೀಕ್ಷೆಯಲ್ಲಿ ಅವರು ಹಣ ಕಟ್ಟಿದ್ದ ಎರಡು ಸೇವೆಗಳು ಬಿದ್ದುಹೋದವು. ಒಂದೆರಡು ಚಿತ್ರಗಳನ್ನು ತುರ್ತಾಗಿ ಕೇಳಿದರೆ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಆಗ ಚಿತ್ರದ ಗುಣಮಟ್ಟ ಕುಗ್ಗುವುದಿಲ್ಲ.

ಪೂರ್ತಿ ಸಂಗ್ರಹವನ್ನು ಪೆನ್ ಡ್ರೈವ್‌ನಲ್ಲಿ ಕೈಗೇ ಕೊಡುವುದನ್ನು ಬಿಡಬಾರದು ಎಂದೂ ಹೇಳಿದೆ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗ ಸತತವಾಗಿ ಸಿಕ್ಕರೂ 60 ಜಿಬಿ ಏರಲು ಆರೂವರೆ ಗಂಟೆ ಮೀರುತ್ತದೆ, ನಡುವೆ ಕರೆಂಟ್ ಹೋದರೆ ಮತ್ತೆ ಪರದಾಟ. ಇಲ್ಲೊಂದು ಸೂಕ್ಷ್ಮವಿದೆ: ಫ್ಯಾಟ್32 ಎಂಬ ವಿಧಾನದಲ್ಲಿ ಫಾರ್ಮ್ಯಾಟ್ ಆದ, ಎಂದರೆ ಫೈಲು ಇಡಲು ಸಜ್ಜಾದ, ಡ್ರೈವ್ 4 ಜಿಬಿ ಮೀರಿದ ಒಂದು ಫೈಲನ್ನು ಒಪ್ಪುವುದಿಲ್ಲ, ಇನ್ನೊಂದು ವಿಧಾನವಾದ ಎಕ್ಸ್‌ಫ್ಯಾಟ್ ಒಪ್ಪುತ್ತದೆ, ಆದರೆ ಅದನ್ನು ಕೆಲವು ಹಳೆಯ ಟಿವಿಗಳು ಓದುವುದಿಲ್ಲ. ಮನೆಯಲ್ಲಿ ಯಾವ ಟಿವಿ ಇದೆ ಎಂದು ಅಡ್ವಾನ್ಸ್ ಪಡೆಯುವಾಗಲೇ ಕೇಳಿಕೊಳ್ಳುವುದು ಉತ್ತಮ.

ಕೊನೆಯದಾಗಿ ಒಂದು ಸ್ವೀಕೃತಿ ಪತ್ರವನ್ನು ಇಬ್ಬರೂ ಕೂತು ಬರೆದೆವು. ಎಷ್ಟು ಚಿತ್ರ, ಎಷ್ಟು ವಿಡಿಯೋ, ತೆರೆದು ನೋಡಿದ ದಿನಾಂಕ, ಮೂಲ ಪ್ರತಿಗಳು ಸ್ಟುಡಿಯೋದಲ್ಲಿ ಒಂದು ವರ್ಷ ಇರುತ್ತವೆ ಎಂಬ ಮಾತು, ಕೆಳಗೆ ಎರಡು ಸಹಿ. ಮನೆಯವರ ಎದುರಿಗೇ ಪೆನ್ ಡ್ರೈವ್ ತೆರೆದು ತೋರಿಸಿದ ಮೇಲೆಯೇ ಸಹಿ. ಇದಕ್ಕೆ ಅವರು ಮೊದಲು ಹಿಂಜರಿದರು. ಗುರುತಿನ ಮನೆಗಳಲ್ಲಿ ಸಹಿ ಕೇಳಿದರೆ ಅಪನಂಬಿಕೆಯೆಂದು ತಿಳಿಯುತ್ತಾರೇನೋ ಎಂಬ ಸಂಕೋಚ. ಆ ಮಾತನ್ನು ಹೇಗೆ ಆಡಬೇಕೆಂದು ನಾವು ಒಂದು ಭೇಟಿಯಿಡೀ ಅಭ್ಯಾಸ ಮಾಡಿದೆವು. “ಯಜಮಾನರೇ, ನಿಮ್ಮ ಮಗಳ ಧಾರೆ ಫೋಟೋ ಸರಿಯಾಗಿ ಬಂದಿದೆಯಾ, ಒಮ್ಮೆ ನೀವೇ ನೋಡಿ ಹೇಳಿ” ಎಂಬಲ್ಲಿಂದ ಶುರುಮಾಡಲು ಅವರೇ ದಾರಿ ಕಂಡುಕೊಂಡರು.

ಆರನೆಯ ಭೇಟಿಯ ಹೊತ್ತಿಗೆ ನಿದ್ರೆ ಸುಧಾರಿಸಿತ್ತು, ಕರೆಗಳನ್ನು ಎತ್ತುತ್ತಿದ್ದರು. ಹಿಂದಿನ ಎರಡು ವರ್ಷಗಳ ಮದುವೆಗಳ ಪಟ್ಟಿ ಮಾಡಿ, ಅವಧಿ ಮುಗಿದ ಲಿಂಕ್ ಪಡೆದಿದ್ದ ಮನೆಗಳಿಗೆ ಒಂದೊಂದಾಗಿ ತಾವೇ ಫೋನ್ ಮಾಡಿ ಪೆನ್ ಡ್ರೈವ್ ತಲುಪಿಸುತ್ತಿದ್ದಾರೆ. ಮೊದಲ ಕರೆ ಅಜ್ಜಿಯ ಮನೆಗೆ ಹೋಯಿತು. ನಾನು ಇದನ್ನು ಬರೆಯುವಾಗ ಪಟ್ಟಿಯಲ್ಲಿ ಹನ್ನೊಂದು ಮನೆಗಳು ಉಳಿದಿವೆ.