ಓದುಗರ ಪ್ರಶ್ನೆ: ಹುಲ್ಲಿನ ಮೇಲಿನ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ಕರೆಯುವುದು ಯಾವಾಗ?

ಪ್ರಶ್ನೆ: ನಾನು ಸಸ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ರಾಗಿ ಹೊಲದ ಬದುವಿನಲ್ಲಿ ಬೆಳೆದ ಒಂದು ಕಳೆಹುಲ್ಲಿನ ಎಲೆಗಳ ಮೇಲೆ, ನಡುವೆ ಬೂದು ಬಣ್ಣವೂ ಅಂಚಿನಲ್ಲಿ ಕಂದು ಬಣ್ಣವೂ ಇರುವ ವಜ್ರಾಕಾರದ ಕಲೆಗಳಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮರಸೇಬಿನ ಆಕಾರದ, ಮೂರು ಕೋಶಗಳ ಬೀಜಕಗಳು ಕಂಡವು. ಅವು ರಾಗಿಯ ಬೆಂಕಿ ರೋಗದ ಬೀಜಕಗಳಂತೆಯೇ ಇವೆ, ಆದರೆ ಅಳತೆಯಲ್ಲಿ ತುಸು ಚಿಕ್ಕವು. ಇದು ಹೊಸ ಪ್ರಭೇದವಾಗಿರಬಹುದೇ? ಅದನ್ನು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ನೀವು ಬರೆದಿರುವಷ್ಟರಿಂದ ಅದನ್ನು ಹೊಸ ಪ್ರಭೇದವೆನ್ನಲು ಬರುವುದಿಲ್ಲ. ಹಾಗೆಂದು, ಆಕಾರ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ರಾಗಿಯ ಶಿಲೀಂಧ್ರವೇ ಇದು ಎಂದು ಬರೆದು ಮುಗಿಸುವುದೂ ತಪ್ಪಾಗುತ್ತದೆ. ನೀವು ಕಂಡಿರುವುದು ಬಹುಮಟ್ಟಿಗೆ ಪಿರಿಕ್ಯುಲೇರಿಯಾ ಕುಲಕ್ಕೆ ಸೇರಿದ್ದು, ಮತ್ತು ಕಣ್ಣಿಗೆ ಒಂದೇ ಆಗಿ ಕಾಣುವುದು ನಿಜವಾಗಿಯೂ ಒಂದೇ ಎನ್ನಬಹುದೇ ಎಂಬ ಪ್ರಶ್ನೆ ಈ ಕುಲದಲ್ಲಿ ನೂರು ವರ್ಷಗಳಿಗೂ ಮೀರಿ ವಿಜ್ಞಾನಿಗಳನ್ನು ಕಾಡಿದೆ.

ಇಟಲಿಯ ಶಿಲೀಂಧ್ರಶಾಸ್ತ್ರಜ್ಞ ಸಕಾರ್ಡೊ 1880ರಲ್ಲಿ ಈ ಕುಲವನ್ನು ಸ್ಥಾಪಿಸಿದಾಗ ಅವರ ಮುಂದಿದ್ದದ್ದು ಡಿಜಿಟೇರಿಯಾ ಎಂಬ ಕಳೆಹುಲ್ಲಿನ ಮೇಲಿನ ಶಿಲೀಂಧ್ರ. ಅದು ಪಿರಿಕ್ಯುಲೇರಿಯಾ ಗ್ರೀಸಿಯಾ ಎನಿಸಿಕೊಂಡಿತು. ಮುಂದಿನ ದಶಕದಲ್ಲಿ ಭತ್ತದ ಮೇಲಿನದಕ್ಕೆ ಕವಾರಾ ಎಂಬುವರು ಪಿರಿಕ್ಯುಲೇರಿಯಾ ಒರೈಜೆ ಎಂದು ಬೇರೆಯೇ ಹೆಸರಿಟ್ಟರು. ಆದರೆ ಎರಡರ ಬೀಜಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೂ ಸ್ಥಿರವಾದ ವ್ಯತ್ಯಾಸವೊಂದನ್ನು ತೋರಿಸಲು ಆಗಲಿಲ್ಲವಾದ್ದರಿಂದ, 1990ರಲ್ಲಿ ಅಮೆರಿಕದ ಸಂಶೋಧಕರು ಎರಡೂ ಒಂದೇ ಪ್ರಭೇದವೆಂದೂ, ಹಳೆಯದಾದ ಗ್ರೀಸಿಯಾ ಎಂಬುದೇ ಸರಿಯಾದ ಹೆಸರೆಂದೂ ವಾದಿಸಿದರು. ಅಂದಿನ ಆಧಾರಗಳನ್ನು ನೋಡಿದರೆ ಆ ವಾದದಲ್ಲಿ ಹುಳುಕಿರಲಿಲ್ಲ.

ಹನ್ನೆರಡು ವರ್ಷಗಳ ತರುವಾಯ, 2002ರಲ್ಲಿ, ಟೊರಾಂಟೊ ವಿಶ್ವವಿದ್ಯಾಲಯದ ಬ್ರೆಟ್ ಕೌಚ್ ಮತ್ತು ಲಿಂಡಾ ಕೋನ್ ಈ ಚಿತ್ರವನ್ನೇ ಬದಲಿಸಿದರು. ಬೇರೆ ಬೇರೆ ಹುಲ್ಲುಗಳಿಂದ ತೆಗೆದ ಶಿಲೀಂಧ್ರಗಳಲ್ಲಿ ಆಕ್ಟಿನ್, ಬೀಟಾ-ಟ್ಯುಬ್ಯುಲಿನ್, ಕ್ಯಾಲ್ಮೋಡುಲಿನ್ ಎಂಬ ಮೂರು ವಂಶವಾಹಿಗಳನ್ನು ಓದಿ, ಒಂದೊಂದಕ್ಕೂ ಪ್ರತ್ಯೇಕ ವಂಶವೃಕ್ಷ ಬರೆದಾಗ, ಡಿಜಿಟೇರಿಯಾ ಹುಲ್ಲಿನವು ಒಂದು ಕಡೆಗೂ ಭತ್ತ ಮತ್ತಿತರ ಬೆಳೆಗಳ ಮೇಲಿನವು ಇನ್ನೊಂದು ಕಡೆಗೂ ಒಡೆದು ನಿಂತವು. ಈ ತರ್ಕವನ್ನು ನೀವು ಚೆನ್ನಾಗಿ ಮನಗಾಣಬೇಕು. ಎರಡು ಗುಂಪುಗಳು ಪರಸ್ಪರ ಕೂಡಿ ಸಂತಾನ ಪಡೆಯುತ್ತಿದ್ದರೆ ವಂಶವಾಹಿಗಳು ಕಲಸಿಹೋಗಿ, ಒಂದು ವೃಕ್ಷ ಒಂದು ಕಥೆಯನ್ನೂ ಮತ್ತೊಂದು ವೃಕ್ಷ ಬೇರೊಂದು ಕಥೆಯನ್ನೂ ಹೇಳುತ್ತವೆ. ಮೂರೂ ಒಂದೇ ಜಾಗದಲ್ಲಿ ಕವಲೊಡೆದಿವೆ ಎಂದರೆ ಆ ಗುಂಪುಗಳ ನಡುವೆ ಬೆರಕೆ ಬಹುಕಾಲದ ಹಿಂದೆಯೇ ನಿಂತಿದೆ ಎಂದು ಅರ್ಥ. ಹೀಗೆ ಭತ್ತದ ಶಿಲೀಂಧ್ರ ಮತ್ತೆ ಪ್ರತ್ಯೇಕ ಪ್ರಭೇದವಾಯಿತು. ನಮ್ಮ ರಾಗಿಯ ಬೆಂಕಿ ರೋಗಕ್ಕೆ ಕಾರಣವಾದದ್ದೂ ಈ ಒರೈಜೆ ಪ್ರಭೇದವೇ. ಬೀಜಕದ ಆಕಾರದಲ್ಲಿ ಮಾತ್ರ ಎರಡಕ್ಕೂ ಇಂದಿಗೂ ಭೇದ ಹೇಳಲಾಗದು.

ವಂಶವಾಹಿ ಓದಿದೊಡನೆ ಎಲ್ಲವೂ ಇತ್ಯರ್ಥವಾಗುತ್ತದೆ ಎಂದೂ ಭಾವಿಸಬೇಡಿ. ಗೋಧಿಯ ಬೆಂಕಿ ರೋಗ 1985ರಲ್ಲಿ ಬ್ರೆಜಿಲ್‌ನಲ್ಲಿ ಮೊದಲು ಕಂಡು, 2016ರಲ್ಲಿ ಬಾಂಗ್ಲಾದೇಶದ ಹೊಲಗಳಿಗೂ ಬಂತು. ಅದೇ 2016ರಲ್ಲಿ ಗೋಧಿಯ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ಪ್ರಕಟಿಸಲಾಯಿತು. ಆದರೆ ಇಡೀ ಜೀನೋಮನ್ನು, ಎಂದರೆ ಶಿಲೀಂಧ್ರದ ಪೂರ್ಣ ಡಿಎನ್‌ಎಯನ್ನು, ಓದಿದ ಇನ್ನೊಂದು ತಂಡ 2018ರಲ್ಲಿ, ಗೋಧಿ, ಭತ್ತ ಹಾಗೂ ಇತರ ಹುಲ್ಲುಗಳ ಮೇಲಿನ ವಂಶಗಳ ನಡುವೆ ವಂಶವಾಹಿಗಳ ಹರಿದಾಟ ಇನ್ನೂ ಉಂಟೆಂದು ತೋರಿಸಿದ್ದರಿಂದ, ಆ ಹೆಸರನ್ನು ಅನೇಕರು ಒಪ್ಪಲಿಲ್ಲ. ಒಂದು ಆತಿಥೇಯಕ್ಕೆ, ಎಂದರೆ ತಾನು ಬದುಕುವ ಗಿಡಕ್ಕೆ, ಒಗ್ಗಿಕೊಂಡಿರುವುದು ಬೇರೆ, ಪ್ರಭೇದವಾಗಿ ಬೇರ್ಪಟ್ಟಿರುವುದು ಬೇರೆ. ಈ ಎರಡನ್ನು ಒಂದೆಂದು ಎಣಿಸಿದ್ದರಿಂದ ಹುಟ್ಟಿದ ಗೊಂದಲಗಳೇ ಶಿಲೀಂಧ್ರಶಾಸ್ತ್ರದಲ್ಲಿ ಹೆಚ್ಚೆಂದು ನನಗೆ ತೋರುತ್ತದೆ.

ಇನ್ನು ನೀವು ಮಾಡಬೇಕಾದ ಕೆಲಸ. ಎಲ್ಲಕ್ಕಿಂತ ಮೊದಲು ಹುಲ್ಲನ್ನು ಗುರುತಿಸಿ. ಶಿಲೀಂಧ್ರದ ಚಿತ್ರವನ್ನು ಬಹಳ ಅಂದವಾಗಿ ತೆಗೆದವರೂ ಆತಿಥೇಯದ ಜಾಗದಲ್ಲಿ ‘ಒಂದು ಬಗೆಯ ಹುಲ್ಲು’ ಎಂದಷ್ಟೇ ಬರೆದಿರುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ, ಏಕೆಂದರೆ ಆ ಮಾದರಿಯ ಅರ್ಧ ಬೆಲೆ ಅಲ್ಲಿಯೇ ಕಳೆದುಹೋಗಿರುತ್ತದೆ. ಬರಿಯ ಎಲೆಯಿಂದ ಹುಲ್ಲಿನ ಗುರುತು ಹತ್ತುವುದು ಕಷ್ಟ. ತೆನೆ ಬಂದ ಗಿಡವನ್ನು ಬೇರುಸಹಿತ ಕಿತ್ತು, ಕಲೆಯಿರುವ ಎಲೆಗಳೊಂದಿಗೆ ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು, ಸ್ಥಳವನ್ನೂ ದಿನಾಂಕವನ್ನೂ ಅದರ ಮೇಲೆಯೇ ಬರೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಉಳಿದು ಬೇರೆ ಬೂಷ್ಟುಗಳು ಬೆಳೆಯುತ್ತವೆ. ಆಲ್ಟರ್ನೇರಿಯಾ, ಕ್ಲಾಡೊಸ್ಪೋರಿಯಂ, ಕರ್ವುಲೇರಿಯಾಗಳು ಸಾಯುತ್ತಿರುವ ಎಲೆಯನ್ನು ಬೇಗನೆ ಆಕ್ರಮಿಸಿಕೊಳ್ಳುತ್ತವೆಯಾದ್ದರಿಂದ, ಕಲೆಯ ಮೇಲೆ ಕಂಡದ್ದೆಲ್ಲ ಕಲೆಗೆ ಕಾರಣವಲ್ಲ ಎಂಬುದು ನೆನಪಿರಲಿ.

ಆಮೇಲೆ ತಾಜಾ ಕಲೆಯನ್ನು ಒದ್ದೆ ಒತ್ತುಕಾಗದದ ಮೇಲೆ ಮುಚ್ಚಿಟ್ಟು, ರಾತ್ರಿ ಕಳೆದ ಮೇಲೆ ಮೂಡಿದ ಬೀಜಕಗಳಲ್ಲಿ ಒಂದೇ ಒಂದನ್ನು ಅಗರ್ ಎಂಬ ಲೋಳೆಯಂಥ ಮಾಧ್ಯಮದ ಮೇಲೆ ಬೆಳೆಸಿ ಶುದ್ಧ ತಳಿಯನ್ನು ಪಡೆಯಿರಿ. ಆ ತಳಿಯನ್ನು ಆರೋಗ್ಯವಂತ ಗಿಡಗಳಿಗೆ ಹಚ್ಚಿ, ಅದೇ ಕಲೆ ಮರಳಿ ಬರುವುದೇ ಎಂದು ನೋಡಬೇಕು. ಹುಲ್ಲಿಗೂ ಹಚ್ಚಿ, ರಾಗಿಗೂ ಹಚ್ಚಿ. ಬೀಜಕಗಳು ‘ತುಸು ಚಿಕ್ಕವು’ ಎಂಬ ಮಾತು ಸದ್ಯಕ್ಕೆ ಏನನ್ನೂ ಸಾಧಿಸದು, ಏಕೆಂದರೆ ಸುಮಾರು 20 ಮೈಕ್ರಾನ್ ಉದ್ದದ ಈ ಬೀಜಕಗಳು ತೇವ, ವಯಸ್ಸು, ಬೆಳೆಸಿದ ಮಾಧ್ಯಮ ಇವುಗಳಿಗೆ ತಕ್ಕಂತೆ ಗಾತ್ರ ಬದಲಿಸುತ್ತವೆ. ಹುಲ್ಲಿನ ತಳಿಯನ್ನೂ ರಾಗಿಯ ತಳಿಯನ್ನೂ ಒಂದೇ ಸ್ಥಿತಿಯಲ್ಲಿ ಬೆಳೆಸಿ, ಕನಿಷ್ಠ ಮೂವತ್ತು ನಲವತ್ತು ಬೀಜಕಗಳನ್ನಾದರೂ ಅಳೆಯಿರಿ. ಡಿಎನ್‌ಎ ಪರೀಕ್ಷೆಗೆ ಕಳುಹಿಸುವಾಗ, ಶಿಲೀಂಧ್ರಗಳ ಗುರುತಿಗೆಂದು 2012ರಿಂದ ಒಪ್ಪಿತವಾಗಿರುವ ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು ಓದಿಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಹತ್ತಿರದ ಪ್ರಭೇದಗಳನ್ನು ಬಿಡಿಸಿ ತೋರಿಸಲು ಅದೊಂದೇ ಅನೇಕ ಬಾರಿ ಸಾಲದು. ಒಂದೇ ಜಾಗದ ಒಂದೇ ತಳಿಯೂ ಸಾಲದು.

ಇಷ್ಟಾದ ಮೇಲೂ ಭಿನ್ನವೆಂದು ಕಂಡರೆ ಹೆಸರಿಡುವ ಮಾತು. ಒಣಗಿಸಿದ ಮೂಲ ಮಾದರಿಯನ್ನು ಮಾನ್ಯ ಸಂಗ್ರಹಾಲಯದಲ್ಲಿ ಇಡಬೇಕು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಶಿಲೀಂಧ್ರಗಳ ಒಣಮಾದರಿಗಳಿಗೂ ಜೀವಂತ ತಳಿಗಳಿಗೂ ಸಂಗ್ರಹಗಳಿವೆ. ಲ್ಯಾಟಿನ್ ವಿವರಣೆಯ ಕಡ್ಡಾಯ 2012ರಲ್ಲಿ ಹೋಗಿ ಇಂಗ್ಲಿಷ್ ವಿವರಣೆಯೂ ಸಲ್ಲುವಂತಾಯಿತು, ಆದರೆ 2013ರಿಂದ ಮೈಕೋಬ್ಯಾಂಕ್‌ನಂಥ ದಾಖಲೆಕೋಶದಲ್ಲಿ ನೋಂದಣಿ ಸಂಖ್ಯೆ ಪಡೆಯದ ಹೆಸರು ಊರ್ಜಿತವಾಗುವುದಿಲ್ಲ. ಇಟ್ಟ ಹೆಸರು ಶಾಶ್ವತವೆಂದೂ ಅಲ್ಲ: ರಾಗಿಯ ಕಾಡಿಗೆ ರೋಗದ ಶಿಲೀಂಧ್ರವನ್ನು 1922ರಲ್ಲಿ ಕುಲಕರ್ಣಿಯವರು ಉಸ್ಟಿಲಾಗೊ ಕುಲದಲ್ಲಿಟ್ಟಿದ್ದರೆ, 1946ರಲ್ಲಿ ಮುಂಡ್ಕೂರರೂ ಕನ್ನಡನಾಡಿನ ಎಂ.ಜೆ. ತಿರುಮಲಾಚಾರ್ಯರೂ ಅದನ್ನು ಮೆಲನಾಪ್ಸಿಕಿಯಂ ಕುಲಕ್ಕೆ ಸೇರಿಸಿದರು. ಅಂಥ ಮರುಪರಿಶೀಲನೆ ಸಾಧ್ಯವಾಗುವುದು ಹಿಂದಿನವರು ಮಾದರಿಯನ್ನು ಜೋಪಾನವಾಗಿ ಉಳಿಸಿದ್ದರೆ ಮಾತ್ರ.

ಪ್ರಶ್ನೆ: ಬದುವಿನ ಹುಲ್ಲಿನಿಂದಲೇ ರಾಗಿಗೆ ಬೆಂಕಿ ರೋಗ ಹತ್ತುತ್ತದೆ ಎನ್ನುತ್ತಾರೆ. ಎಲ್ಲ ಹುಲ್ಲನ್ನೂ ಕೀಳಿಸಬೇಕೇ?

ಉತ್ತರ: ಬೇಕಾಗಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದಂತೆ ಡಿಜಿಟೇರಿಯಾ ಹುಲ್ಲಿನ ಶಿಲೀಂಧ್ರ ಬೇರೆಯೇ ಪ್ರಭೇದವಾದ್ದರಿಂದ, ಆ ಹುಲ್ಲಿನ ಕಲೆಗಳನ್ನು ಕಂಡು ರಾಗಿಯ ವಿಚಾರದಲ್ಲಿ ಗಾಬರಿಪಡುವ ಕಾರಣವಿಲ್ಲ. ಎಚ್ಚರ ವಹಿಸಬೇಕಾದದ್ದು ರಾಗಿಯ ಹತ್ತಿರದ ಸಂಬಂಧಿಯಾದ, ಪೈರಿನ ನಡುವೆ ಎಳೆಯದಾಗಿರುವಾಗ ರಾಗಿಯಂತೆಯೇ ಕಾಣುವ ಎಲ್ಯುಸಿನ್ ಇಂಡಿಕಾ ಎಂಬ ಕಳೆಯ ಬಗ್ಗೆ, ಏಕೆಂದರೆ ರಾಗಿಯ ಬೆಂಕಿ ರೋಗದ ಶಿಲೀಂಧ್ರ ಅದರ ಮೇಲೂ ಬದುಕಬಲ್ಲದು. ಅದನ್ನು ಕೀಳಿಸಿ. ರೋಗ ಬಿತ್ತನೆ ಬೀಜದ ಮೂಲಕವೂ ಬರುವುದರಿಂದ, ತೆನೆಯ ಕುತ್ತಿಗೆಗೆ ಬೆಂಕಿ ರೋಗ ತಗುಲಿದ ಹೊಲದ ರಾಗಿಯನ್ನು ಬಿತ್ತನೆಗೆ ಎತ್ತಿಡಬೇಡಿ.