ಓದುಗರ ಪ್ರಶ್ನೆ: ಶೇಲ್ ಎಣ್ಣೆಯ ತಾಯಿ ಬಾವಿ, ಮರಿ ಬಾವಿ

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿ ಶೇಲ್ ಎಣ್ಣೆಯ ಹಳೆ ಬಾವಿ (ತಾಯಿ) ಪಕ್ಕ ಹೊಸದನ್ನು (ಮರಿ) ಕೊರೆದರೆ ಇಳುವರಿ ಕಮ್ಮಿ ಎಂದು ಓದಿದೆ. ನಮ್ಮ ಕಡೆ ಪಕ್ಕದ ತೋಟದವರು ಬೋರ್ ಹಾಕಿಸಿದರೆ ನಮ್ಮದು ಬತ್ತುತ್ತದಲ್ಲ, ಅದೇ ಲೆಕ್ಕವೇ?
– ಓದುಗರು, ಕೋಲಾರ

ಉತ್ತರ: ಅರ್ಧ ಮಾತ್ರ ಅದೇ ಲೆಕ್ಕ. ಬೋರ್‌ವೆಲ್‌ಗೆ ನೀರು ಬಂಡೆಯ ಸಂದಿಗಳಲ್ಲಿ ತಾನಾಗಿ ಹರಿದು ಬರುತ್ತದೆ. ಶೇಲ್ ಎಂಬ ಬಿಗಿ ಬಂಡೆಯೊಳಗಿನ ಎಣ್ಣೆ ಹಾಗೆ ಬರುವುದಿಲ್ಲ. ಸುಮಾರು 3 ಕಿ.ಮೀ. ಆಳಕ್ಕಿಳಿದು, ಅಲ್ಲಿಂದ ಅಡ್ಡಕ್ಕೆ ಮತ್ತೆ 3 ಕಿ.ಮೀ. ಕೊರೆದು, ನೀರು ಮರಳು ನುಗ್ಗಿಸಿ ಬಂಡೆ ಸೀಳಬೇಕು (ಇದಕ್ಕೇ ಫ್ರ್ಯಾಕ್ ಎನ್ನುವುದು). ಆ ಬಿರುಕು ಯಾವ ಕಡೆ ಹೋಯಿತು ಎಂಬುದೇ ಬಾವಿಯ ಹಣೆಬರಹ. ಬಂಡೆಯನ್ನು ಸುತ್ತಲಿಂದ ಅದುಮುವ ಬಲ, ಅಂದರೆ ಸ್ಟ್ರೆಸ್, ಎಲ್ಲಿ ಕಡಿಮೆಯೋ ಅತ್ತ ಅದು ಓಡುತ್ತದೆ.

ಒಂದು ಮಾದರಿ ಲೆಕ್ಕ ನೋಡಿ. ಆಳ 10,000 ಅಡಿ. ಬಂಡೆಯ ರಂಧ್ರಗಳಲ್ಲಿ ಎಣ್ಣೆಯ ಒತ್ತಡ 6,000 ಪಿಎಸ್‌ಐ (ಪೊಲೀಸರಲ್ಲ, ಚದರ ಇಂಚಿಗೆ ಪೌಂಡು). ಬಿರುಕು ತೆರೆಯಲು ಮೀರಬೇಕಾದ ಸ್ಟ್ರೆಸ್ 7,500. ಹಳೆ ಬಾವಿ ಒಂದೆರಡು ವರ್ಷ ಎಣ್ಣೆ ಕೊಟ್ಟು, ಅದರ ಬಿರುಕುಗಳ ಆಸುಪಾಸಿನ ಒತ್ತಡ 3,000ಕ್ಕೆ ಇಳಿಯಿತು ಎನ್ನಿ. ಒಳಗಿನ ಒತ್ತಡ ತಗ್ಗಿದರೆ ಬಂಡೆ ಕುಗ್ಗಲು ನೋಡುತ್ತದೆ, ಅದುಮು ಸಡಿಲವಾಗುತ್ತದೆ. ಪಾಯ್ಸನ್ ಅನುಪಾತ (ಅದುಮಿದರೆ ಬಂಡೆ ಪಕ್ಕಕ್ಕೆ ಎಷ್ಟು ಉಬ್ಬುತ್ತದೆ ಎಂಬ ಅಳತೆ) 0.25, ಬಿಯೋ ಗುಣಾಂಕ (ರಂಧ್ರದೊಳಗಿನ ಒತ್ತಡ ಬಂಡೆಗೆ ಎಷ್ಟು ತಾಗುತ್ತದೆ ಎಂಬ ಅಳತೆ) 0.8 ಎಂದಿಟ್ಟುಕೊಂಡರೆ, ಒತ್ತಡ ಇಳಿದದ್ದರ ಶೇ 53ರಷ್ಟು ಸ್ಟ್ರೆಸ್ಸೂ ಇಳಿಯುತ್ತದೆ. ಅಂದರೆ 1,600. ಉಳಿದದ್ದು 5,900.

ಬಿರುಕನ್ನು ಮುಂದೆ ತಳ್ಳುವ ಹೆಚ್ಚುವರಿ ಒತ್ತಡ ಸಾಮಾನ್ಯವಾಗಿ ಕೆಲವು ನೂರು ಪಿಎಸ್‌ಐ ಅಷ್ಟೇ. ಪಕ್ಕದಲ್ಲಿ 1,600ರ ತಗ್ಗಿದ್ದರೆ ಇನ್ನೇನಾದೀತು? ಹೊಸ ಬಾವಿಯ ಒಂದು ಮಗ್ಗುಲಿನ ಬಿರುಕು ಹಳೆಯದರತ್ತ ಉದ್ದುದ್ದ ಬೆಳೆಯುತ್ತದೆ. ಎಣ್ಣೆ ತುಂಬಿರುವ ಇನ್ನೊಂದು ಮಗ್ಗುಲಿನದು ಮೊಟಕಾಗುತ್ತದೆ. ಅಡ್ಡ ಬಾವಿಯ ಪ್ರತಿ ಮೀಟರಿಗೆ ಸುಮಾರು 3 ಟನ್ ಮರಳು ಸುರಿಯುವ ಕೆಲಸದಲ್ಲಿ ಬಹುಪಾಲು ಬರಿದಾದ ಬಂಡೆಯ ಪಾಲು.

ಕೊರೆಯುವಾಗಲೂ ಇದೇ ಕಾಟ. ಮೇಲಿನ ಲೆಕ್ಕದಲ್ಲಿ, ಬರಿದಾಗದ ಕಡೆಯ 6,000ಕ್ಕೆ ಸರಿಗಟ್ಟಲು ಡ್ರಿಲ್ಲಿಂಗ್ ಮಡ್ (ಕೊರೆಯುವಾಗ ಬಾವಿಯಲ್ಲಿ ತುಂಬಿಸುವ ಭಾರದ ದ್ರವ) ನೀರಿನ 1.39 ಪಟ್ಟು ಸಾಂದ್ರ ಇರಬೇಕು. ಬರಿದಾದ ಜಾಗ 1.36ಕ್ಕೇ ಸೀಳಿ ಮಡ್ ಕುಡಿಯುತ್ತದೆ. ಎರಡಕ್ಕೂ ಹೊಂದುವ ಮಡ್ ಇಲ್ಲ.

ಪ್ರಶ್ನೆ: ಹೊಸ ಬಾವಿ ಫ್ರ್ಯಾಕ್ ಮಾಡುವಾಗ ಹಳೆಯದನ್ನು ಕಾಪಾಡುವುದು ಹೇಗೆ?
– ಓದುಗರು, ಹ್ಯೂಸ್ಟನ್

ಉತ್ತರ: ಮೊದಲು ಹಳೆಯದನ್ನು ಮುಚ್ಚಿ, ಅದರ ಪಂಪ್ ಮೇಲೆತ್ತಿ, ಬಾವಿಬಾಯಿಗೆ ಸೆಕೆಂಡ್ ಸೆಕೆಂಡಿಗೂ ದಾಖಲಿಸುವ ಗೇಜ್ ಹಾಕಿ. ಒತ್ತಡ ನಿಧಾನಕ್ಕೆ ಹತ್ತಿಪ್ಪತ್ತು ಪಿಎಸ್‌ಐ ಏರಿದರೆ ಬಂಡೆ ಬಂಡೆಯನ್ನು ಹಿಂಡುತ್ತಿದೆ ಅಷ್ಟೇ, ಕೆಲಸ ಮುಂದುವರಿಸಬಹುದು. ಗಕ್ಕನೆ ನೂರಾರು ಏರಿದರೆ ದ್ರವವೇ ಬಂದು ಹೊಕ್ಕಿದೆ ಎಂದರ್ಥ. ಇದೇ ಫ್ರ್ಯಾಕ್ ಹಿಟ್. ಆಗ ಪಂಪಿಂಗ್ ದರ ಇಳಿಸಿ, ಡೈವರ್ಟರ್ (ಬಿರುಕಿನ ಬಾಯಿ ತಡೆದು ದ್ರವವನ್ನು ಬೇರೆಡೆ ತಿರುಗಿಸುವ ವಸ್ತು) ಬಿಡಿ, ಅದಕ್ಕೂ ಬಗ್ಗದಿದ್ದರೆ ಆ ಸ್ಟೇಜ್ (ಒಮ್ಮೆಗೆ ಸೀಳುವ ಬಾವಿಯ ತುಂಡು) ಅಲ್ಲಿಗೇ ಮುಗಿಸಿ. ಹಟ ಹಿಡಿದು ಪೂರ್ತಿ ಪಂಪ್ ಮಾಡಿದರೆ ಹಳೆ ಬಾವಿಯಲ್ಲಿ ಮರಳು ಕೂರುತ್ತದೆ. ಮತ್ತೆ ಕಾಯಿಲ್ಡ್ ಟ್ಯೂಬಿಂಗ್ (ಸುರುಳಿ ಸುತ್ತಿದ ಉದ್ದ ಉಕ್ಕಿನ ಕೊಳವೆ) ಇಳಿಸಿ ತೊಳೆಯುವ ಖರ್ಚು.

ಮುಂಚೆಯೇ ಹಳೆ ಬಾವಿಗೆ ನೀರು ತುಂಬಿಸುವ ‘ಪ್ರೀಲೋಡ್’ ಕ್ರಮವೂ ಇದೆ. ಅದರ ಮೇಲೆ ಪೂರ್ತಿ ಭರವಸೆ ಬೇಡ. ನೀರು ತೆರೆದ ಬಿರುಕುಗಳನ್ನು ಬೇಗ ತುಂಬುತ್ತದೆ, ಬಂಡೆಯ ಒಡಲಿಗೆ ಇಳಿಯುವುದು ಬಲು ನಿಧಾನ. ಸ್ಟ್ರೆಸ್ ಮರಳಬೇಕಾದ್ದು ಅಲ್ಲಿ. ಅಂದಹಾಗೆ ಎಲ್ಲ ಹೊಡೆತವೂ ನಷ್ಟವಲ್ಲ; ಅಮೆರಿಕದ ನಾರ್ತ್ ಡಕೋಟದ ಬಾಕನ್ ಎಣ್ಣೆ ಪ್ರದೇಶದಲ್ಲಿ ಹೊಡೆತ ತಿಂದ ಮೇಲೆ ಹೆಚ್ಚು ಎಣ್ಣೆ ಕೊಟ್ಟ ಹಳೆ ಬಾವಿಗಳೂ ಇವೆ.

ಪ್ರಶ್ನೆ: ಎಲ್ಲ ಬಾವಿಗಳನ್ನೂ ಒಟ್ಟಿಗೆ ಕೊರೆಯಬಾರದೇ?
– ಓದುಗರು, ಮೈಸೂರು

ಉತ್ತರ: ಟೆಕ್ಸಸ್, ನ್ಯೂ ಮೆಕ್ಸಿಕೊಗಳ ಪರ್ಮಿಯನ್ ಎಣ್ಣೆ ಪ್ರದೇಶದಲ್ಲಿ ಈಗ ಹಾಗೆ ಮಾಡುವವರಿದ್ದಾರೆ: ಇಡೀ ಗುಂಪನ್ನು ಸೀಳಿ ಮುಗಿಸಿ ಆಮೇಲೆ ಎಣ್ಣೆ ತೆಗೆಯುವುದು. ಹಿಂದೆ ಒಂಟಿ ಬಾವಿ ಕೊರೆಯುತ್ತಿದ್ದುದಕ್ಕೆ ಭೂವಿಜ್ಞಾನಕ್ಕಿಂತ ಗುತ್ತಿಗೆ ದೊಡ್ಡ ಕಾರಣ. ಅವಧಿ ಮುಗಿಯುವುದರೊಳಗೆ ಒಂದು ಬಾವಿ ಎಣ್ಣೆ ಕೊಟ್ಟರೆ ಜಮೀನು ಕೈತಪ್ಪುವುದಿಲ್ಲ. ಗುಂಪಾಗಿ ಕೊರೆದರೂ ತಾಪತ್ರಯ ಅಂಚಿಗೆ ಸರಿಯುತ್ತದೆ, ಅಷ್ಟೇ. ನಾಲ್ಕು ವರ್ಷ ಬಿಟ್ಟು ಪಕ್ಕದ ಜಮೀನಿನಲ್ಲಿ ಕೊರೆಯುವವರಿಗೆ ಆ ಅಂಚಿನ ಬಾವಿಯೇ ತಾಯಿ ಬಾವಿ.