ಚಾವಣಿಯಿಂದಲೇ ಆರಂಭಿಸಿ
ಮೇಡಂ, ಹಾಸನದ ಹೇಮಗಂಗೋತ್ರಿ ಆವರಣದಲ್ಲಿ ಖರ್ಚಿಲ್ಲದೆ ವಿದ್ಯಾರ್ಥಿಗಳ ಕೈಯಿಂದ ಏನು ಮಾಡಿಸಬಹುದು ಎಂದು ಕೇಳಿದ್ದೀರಿ. ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದೊಂದನ್ನು ಬಿಟ್ಟು ಏನನ್ನಾದರೂ ಮಾಡಿಸಿ!

ನನ್ನ ಮಟ್ಟಿಗೆ ಮಳೆಗಾಲದ ಚಾವಣಿಗಿಂತ ಒಳ್ಳೆಯ ಪಾಠವಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಟೇಪು ಹಿಡಿದು ಕಟ್ಟಡದ ಉದ್ದಗಲ ಅಳೆಯಲಿ. 500 ಚದರ ಮೀಟರ್ ಬಂದರೆ 20 ಮಿ.ಮೀ. ಮಳೆಗೆ 10,000 ಲೀಟರ್. ಇದು ಕಾಗದದ ಲೆಕ್ಕ. ಮಳೆ ಹಿಡಿದಾಗ ಕೊಡೆ ಕೊಟ್ಟು ಹೊರಗೆ ಕಳುಹಿಸಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟರೆ ಅದೇ ಮಳೆಮಾಪಕ. ಪ್ರತಿ ಮಳೆನೀರಿನ ಪೈಪಿನ ಕೆಳಗೂ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡು ಬೇಕೆಂದು ಮೊಬೈಲಿನಲ್ಲಿ ನೋಡಲಿ. ಕಾಗದದ ಲೆಕ್ಕವೂ ಬಕೆಟ್ಟಿನ ಲೆಕ್ಕವೂ ತಾಳೆಯಾಗುವುದು ಅಪರೂಪ. ಎಲೆ ಕಟ್ಟಿಕೊಂಡ ಪೈಪು, ಬಿರುಕು, ನೀರು ನಿಲ್ಲುವ ತಗ್ಗು ಆಗಲೇ ಕಣ್ಣಿಗೆ ಬೀಳುವುದು. ಕಾರಣ ಹುಡುಕಿದವರಿಗೆ ಹೆಚ್ಚು ಅಂಕ ಕೊಡಿ.

ಬೇಸಿಗೆಗೆ ಇನ್ನೊಂದು: ಹಾಸನ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನಡುಹಗಲಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕಂಬದ ನೆರಳು ಮಾಯವಾಗುತ್ತದೆ. ಇಂಥ ದಿನ ಆಗಸ್ಟಿನಲ್ಲಿ ಮತ್ತೊಮ್ಮೆ ಬರುತ್ತದೆ, ಆದರೆ ನಮ್ಮ ಕಡೆಯ ಮೋಡವನ್ನು ನಂಬಿ ತರಗತಿ ಇಟ್ಟುಕೊಳ್ಳಬೇಡಿ.